ಇಂದಿನ ಧಮ್ಮ ಚಿಂತನೆ: ಉದರವೂ ಆ ಪಟ್ಟಿಯಲ್ಲಿದೆ



ಇವತ್ತಿನದು ಸ್ವಲ್ಪ ಉದ್ದ ಇದೆ. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಅವಸರದಲ್ಲಿರುವವರು ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಓದಿ.

ಕಿಸಾ ಗೋತಮಿಯ ಕತೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಸತ್ತ ಮಗುವನ್ನು ಎತ್ತಿಕೊಂಡು ಔಷಧಿ ಕೇಳುತ್ತಾ ಬಂದ ತಾಯಿಗೆ ಬುದ್ಧರು ಸಾವಿಲ್ಲದ ಮನೆಯಿಂದ ಒಂದು ಚಿಟಿಕೆ ಸಾಸಿವೆ ತರಲು ಹೇಳಿದ್ದು. ಸಾಸಿವೆ ನಮಗೆ ನೆನಪಿದೆ, ಮಗು ನೆನಪಿದೆ. ಆದರೆ ಆ ತಾಯಿಯ ಹೆಸರಿನ ಮೊದಲ ಎರಡಕ್ಷರದ ಬಗ್ಗೆ ನಾವು ಕೇಳಿಕೊಂಡಿಲ್ಲ. ಪಾಲಿಯ ‘ಕಿಸಾ’ ಅಂದರೆ ನಮ್ಮ ‘ಕೃಶ’. ಒಣಕಲಿ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಊರು ಕರೆದ ಅಡ್ಡಹೆಸರು. ಅಟ್ಟಕಥೆಗಳು ಹೇಳುವ ಪ್ರಕಾರ ಅವಳು ಬಡವರ ಮನೆಯ ಹುಡುಗಿ, ಮೈಯಲ್ಲಿ ಮಾಂಸವಿರಲಿಲ್ಲ, ಗಂಡನ ಮನೆಯಲ್ಲಿ ತಾತ್ಸಾರ ಮಾಡುತ್ತಿದ್ದರು. ಗಂಡುಮಗು ಹುಟ್ಟಿದ ಮೇಲೆಯೇ ಅವಳಿಗೆ ಆ ಮನೆಯಲ್ಲಿ ಮರ್ಯಾದೆ ಸಿಕ್ಕಿದ್ದು. ಮಗು ಸತ್ತಾಗ ಅವಳಿಗೆ ಬುದ್ಧಿ ಕೆಟ್ಟಂತಾಯಿತು ಎನ್ನುತ್ತಾರಲ್ಲ, ಅದರ ಹಿಂದೆ ಇದೂ ಇತ್ತು. ಮಗುವಿನ ಜೊತೆಗೆ ಮರ್ಯಾದೆಯೂ ಹೋಗಿತ್ತು, ಮತ್ತೆ ಅದೇ ಒಣಕಲಿಯಾಗಿ ಆ ಮನೆಯೊಳಗೆ ಇರಬೇಕಿತ್ತು.

ಅವಳು ಭಿಕ್ಖುಣಿಯಾದಳು, ಅರಹಂತಳಾದಳು. ಒರಟು ಚೀವರ ಧರಿಸುವ ಭಿಕ್ಖುಣಿಯರಲ್ಲಿ ಅಗ್ರಳು ಎಂದು ಬುದ್ಧರೇ ಹೇಳಿದರು. ‘ಕಿಸಾ’ ಎನ್ನುವುದು ಮಾತ್ರ ಹೆಸರಿನಲ್ಲಿ ಹಾಗೆಯೇ ಉಳಿಯಿತು. ಹೀಯಾಳಿಸಲು ಕರೆದ ಹೆಸರನ್ನು ಇವತ್ತು ನಾವು ಕೈಮುಗಿದು ಹೇಳುತ್ತೇವೆ.

ಆ ಕಾಲದಲ್ಲಿ ಸಣಕಲಿ ಎಂದು ಆಡಿಕೊಂಡರು. ಈ ಕಾಲದಲ್ಲಿ ದಡೂತಿ ಎಂದು ಆಡಿಕೊಳ್ಳುತ್ತಾರೆ. ಇವತ್ತಿನ ಮಾತು ಅದರ ಬಗ್ಗೆ.

ಎಂಎಯಲ್ಲಿ ಹಳಗನ್ನಡ ಓದುವಾಗ ಕವಿಗಳು ಹೆಣ್ಣಿನ ಸೊಂಟವನ್ನು ‘ಬಡನಡು’ ಎಂದು ಹೊಗಳುವುದನ್ನು ಸಾಲುಸಾಲಾಗಿ ಓದಿದ್ದೇವೆ. ‘ಬಡ’ ಅಂದರೆ ತೆಳುವಾದ, ಕೃಶವಾದ. ಅದೇ ‘ಬಡ’ವೇ ಬಡವ, ಬಡತನ. ಆಸ್ಥಾನದಲ್ಲಿ ಹೊಟ್ಟೆ ತುಂಬ ಉಂಡ ರಾಣಿಯ ಸೊಂಟ ತೆಳ್ಳಗಿದ್ದರೆ ಅದು ಸೌಂದರ್ಯ. ಹೊಟ್ಟೆಗಿಲ್ಲದೆ ತೆಳ್ಳಗಾದ ನಮ್ಮ ಮುತ್ತಜ್ಜಿಯ ಸೊಂಟವನ್ನು ಯಾವ ಕವಿಯೂ ನೋಡಲಿಲ್ಲ. ಇನ್ನೊಂದು ಪದ ಇದೆ, ‘ಒಡಲು’. ಕನ್ನಡದಲ್ಲಿ ಅದು ದೇಹವೂ ಹೌದು, ಹೊಟ್ಟೆಯೂ ಹೌದು. ದೇವನೂರ ಮಹಾದೇವ ಅವರ ‘ಒಡಲಾಳ’ ಓದಿದವರಿಗೆ ಸಾಕವ್ವನ ಮನೆಯ ಆ ರಾತ್ರಿ ಮರೆಯುವುದಿಲ್ಲ. ಕದ್ದು ತಂದ ಕಡ್ಲೆಕಾಯಿಯನ್ನು ಇಡೀ ಮನೆ ಕೂತು ತಿಂದು ಮುಗಿಸುತ್ತದೆ. ಹೊಟ್ಟೆ ತುಂಬುವುದೇ ಒಂದು ಹಬ್ಬ.

ಹಾಗಾಗಿ ನಮ್ಮ ಕೇರಿಗಳಲ್ಲಿ ‘ಮೈಕೈ ತುಂಬ್ಕೊಂಡಿದೀಯ ಕಣವ್ವ’ ಅನ್ನುವುದು ಹರಕೆಯ ಮಾತಾಗಿತ್ತು. ‘ಯಾಕವ್ವ ಸೊರಗೋದೆ’ ಅನ್ನುವುದೇ ಆತಂಕದ ಮಾತು. ಒಂದು ತಲೆಮಾರು ಕಳೆಯಿತು. ರಾಗಿ ಬೀಸುವುದು, ಹೊರೆ ಹೊರುವುದು, ಮೈಲಿಗಟ್ಟಲೆ ನಡೆದು ಕೂಲಿಗೆ ಹೋಗುವುದು ಎಷ್ಟೋ ಮನೆಗಳಲ್ಲಿ ನಿಂತಿತು. ಗಾರ್ಮೆಂಟ್ಸ್‌ನಲ್ಲಿ ಹತ್ತು ಗಂಟೆ ಮೆಷಿನ್ ಮುಂದೆ ಕೂರುವುದು, ಆಫೀಸಿನಲ್ಲಿ ಕೂರುವುದು, ಬಸ್ಸಿನಲ್ಲಿ ಎರಡು ಗಂಟೆ ಕೂರುವುದು ಬಂತು. ಪಾಲಿಶ್ ಅಕ್ಕಿ, ಬೇಕರಿ ತಿಂಡಿ, ಬೀದಿಗೊಂದು ಬಿರಿಯಾನಿ. (ಹೊಸಕೋಟೆಯವರಿಗೆ ಬಿರಿಯಾನಿ ಬೇಡ ಎಂದು ಹೇಳುವ ಧೈರ್ಯ ನನಗಿಲ್ಲ. ಬೆಳಗಿನ ಜಾವ ನಾಲ್ಕಕ್ಕೇ ಬೆಂಗಳೂರಿಂದ ಬಂದು ಕ್ಯೂ ನಿಲ್ಲುತ್ತಾರೆ.) ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು, ಸುಮಾರು 17 ಮಂದಿ ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಅಂದರೆ ಒಂದೇ ಬೀದಿಯಲ್ಲಿ ಇಬ್ಬರೂ ಇದ್ದಾರೆ. ಇಬ್ಬರಿಗೂ ಮಾತು ತಪ್ಪಿದ್ದಲ್ಲ.

ನನ್ನ ತೂಕ 88 ಕೆಜಿ. ಎರಡನೇ ಹೆರಿಗೆಯಾದ ಮೇಲೆ, ಥೈರಾಯ್ಡ್ ಬಂದ ಮೇಲೆ ಏರಿದ್ದು ಇಳಿದಿಲ್ಲ. ಇದನ್ನು ಯಾಕೆ ಗ್ರೂಪಿನಲ್ಲಿ ಹಾಕುತ್ತಿದ್ದೇನೆ ಅಂದರೆ, ಹೋದ ತಿಂಗಳು ನನ್ನ ತರಗತಿಯ ಒಂದು ಹುಡುಗಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು.

ಒಂಬತ್ತನೇ ತರಗತಿ ಹುಡುಗಿ. ನಮ್ಮ ಜನರ ಮಗಳೇ. ಬೆಳಗಿನ ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬಿದ್ದಳು. ನೀರು ಕುಡಿಸಿ ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ವಿಚಾರಿಸಿದಾಗ ಗೊತ್ತಾಯಿತು, ಮೂರು ವಾರದಿಂದ ಬಿಸಿಯೂಟ ತಿನ್ನುತ್ತಿಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾಳೆ, ಹಾಕಿಸಿಕೊಳ್ಳುತ್ತಾಳೆ, ಗೆಳತಿಯರ ತಟ್ಟೆಗೆ ಸುರಿಯುತ್ತಾಳೆ. ಮೊಟ್ಟೆಯನ್ನೂ. ಹುಡುಗರು ‘ಡ್ರಮ್ಮು’ ಎಂದು ಕರೆಯುತ್ತಿದ್ದರಂತೆ. ಕ್ಲಾಸಿನ ಮುಂದೆ ತೂಕ ನೋಡಿದ ದಿನದಿಂದ ಆ ಹೆಸರು ಅಂಟಿಕೊಂಡಿತಂತೆ. ಅವರಜ್ಜಿಯನ್ನು ಕರೆಸಿದೆವು. ಆ ಅಜ್ಜಿಗೆ ಅರ್ಥವೇ ಆಗಲಿಲ್ಲ. “ಅನ್ನ ಇದ್ದೂ ಉಣ್ಣಲ್ಲ ಅಂದ್ರೆ ಏನವ್ವ ಬಂದೈತೆ ನಿಂಗೆ? ನಾವು ಗೌಡ್ರ ಮನೆ ಹಿತ್ತಲಲ್ಲಿ ಕಾಯ್ಕೊಂಡಿರ್ತಿದ್ವಿ, ಮಿಕ್ಕಿದ್ದು ಹಾಕ್ತಾರೆ ಅಂತ” ಎಂದು ಅತ್ತುಬಿಟ್ಟರು. ಹುಡುಗಿಯೂ ಅತ್ತಳು. ಅಜ್ಜಿ ಹೊರಗೆ ಹೋದ ಮೇಲೆ ಕೇಳಿದಳು:

“ಮಿಸ್, ನೀವೂ ದಪ್ಪ ಇದೀರಲ್ಲ, ನಿಮಗೆ ಬೇಜಾರಾಗಲ್ವಾ?”

2021ರ ಕೊನೆಯಲ್ಲಿ ಶಾಲೆಯ ಮೊಟ್ಟೆಗೆ ಕೆಲವು ಮಠಾಧೀಶರು ಆಕ್ಷೇಪ ಎತ್ತಿದಾಗ ನಮ್ಮ ಮಕ್ಕಳ ತಟ್ಟೆಯಲ್ಲಿ ಮೊಟ್ಟೆ ಇರಲೇಬೇಕೆಂದು ವಾದ ಮಾಡಿದವರು ನಾವು. ಹೋರಾಡಿ ಉಳಿಸಿಕೊಂಡ ಮೊಟ್ಟೆಯನ್ನು ಒಂದು ಅಡ್ಡಹೆಸರು ಕಿತ್ತುಕೊಂಡಿತು. ಹಾಗಾಗಿ ಆ ಪ್ರಶ್ನೆಗೆ ‘ಹಾಗೆಲ್ಲ ಯೋಚನೆ ಮಾಡಬೇಡ ಪುಟ್ಟಿ’ ಎಂದು ತಲೆ ಸವರಿ ಕಳಿಸಿದರೆ ಸಾಲದು ಅನ್ನಿಸಿತು. ಅವಳಿಗೆ ಹೇಳಿದ್ದನ್ನೇ ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಾಸೆಟ್ಠ ಸುತ್ತ. ನಮ್ಮ ಭಾನುವಾರದ ಓದಿನಲ್ಲಿ ಎರಡು ಸಲ ಬಂದಿದೆ. ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ಬ್ರಾಹ್ಮಣ ಯುವಕರು, ಮನುಷ್ಯ ಹುಟ್ಟಿನಿಂದ ಶ್ರೇಷ್ಠನೋ ನಡತೆಯಿಂದ ಶ್ರೇಷ್ಠನೋ ಎಂದು ಜಗಳವಾಡಿ ಬುದ್ಧರ ಹತ್ತಿರ ಬರುತ್ತಾರೆ. ಬುದ್ಧರು ಹುಲ್ಲಿನಿಂದ, ಮರದಿಂದ ಶುರು ಮಾಡುತ್ತಾರೆ. ಹುಳು, ಇರುವೆ, ನಾಲ್ಕು ಕಾಲಿನ ಪ್ರಾಣಿ, ಹಾವು, ಮೀನು, ಹಕ್ಕಿ, ಇವುಗಳಲ್ಲೆಲ್ಲ ಜಾತಿಯ ಗುರುತು ಮೈಮೇಲೆಯೇ ಇದೆ. ಮನುಷ್ಯರಲ್ಲಿ ಹಾಗಿಲ್ಲ ಎನ್ನುತ್ತಾರೆ. ಆಮೇಲೆ ಒಂದೊಂದೇ ಅಂಗವನ್ನು ಹೆಸರಿಸುತ್ತಾರೆ. ಕೂದಲಿನಲ್ಲಿ ಇಲ್ಲ, ತಲೆಯಲ್ಲಿ ಇಲ್ಲ, ಕಿವಿ ಕಣ್ಣು ಮೂಗು ತುಟಿಯಲ್ಲಿ ಇಲ್ಲ ಎನ್ನುತ್ತಾ ಕತ್ತು, ಹೆಗಲಿಗೆ ಇಳಿದು, ಉದರಕ್ಕೆ ಬರುತ್ತಾರೆ. ಬೆನ್ನು, ಸೊಂಟ, ತೊಡೆ, ಬಣ್ಣ, ದನಿ ಎಲ್ಲವೂ ಬರುತ್ತದೆ.

ಜಾತಿಯ ವಿರುದ್ಧ ಭಾಷಣ ಮಾಡುವಾಗ ನಾವು ಇದನ್ನು ಎಷ್ಟು ಸಲ ಹೇಳಿದ್ದೇವೋ. ಆ ಪಟ್ಟಿಯಲ್ಲಿ ಹೊಟ್ಟೆಯೂ ಇದೆ, ಸೊಂಟ ತೊಡೆಯೂ ಇದೆ. ಮನುಷ್ಯನನ್ನು ಮನುಷ್ಯನಿಂದ ಬೇರೆ ಮಾಡುವ ಗುರುತು ಅಲ್ಲೆಲ್ಲೂ ಇಲ್ಲ ಎಂದು 2500 ವರ್ಷದ ಹಿಂದೆ ತೀರ್ಪಾಗಿದೆ. ಮೇಲ್ಜಾತಿಯವನಿಗೆ ಆ ಸುತ್ತ ತೋರಿಸುವ ನಾವು ಮನೆಗೆ ಬಂದು ಸೊಸೆಗೆ ‘ಏನ್ ಕುಂಬಳಕಾಯಿ ಹಂಗಾಗಿದೀಯ’ ಅಂದರೆ ಪಟ್ಟಿಯಿಂದ ಒಂದು ಸಾಲು ಹರಿದು ಬಿಸಾಕಿದಂತೆ.

ಒಂದು ವಿಷಯ ಸ್ಪಷ್ಟ ಇರಲಿ. ಜಾತಿಯ ಅವಮಾನವೂ ಇದೂ ಸಮ ಎಂದು ನಾನು ಹೇಳುತ್ತಿಲ್ಲ. ದಪ್ಪಗಿದ್ದಾರೆಂದು ಯಾರಿಗೂ ಕೆರೆಯ ನೀರನ್ನು ತಡೆಯಲಿಲ್ಲ, ಯಾರ ಗುಡಿಸಲಿಗೂ ಬೆಂಕಿ ಹಾಕಲಿಲ್ಲ. ಆದರೆ ಎರಡಕ್ಕೂ ಒಂದು ಕಡೆ ನಂಟಿದೆ. ನಿನ್ನ ಮೈ ಇರಬಾರದ ಜಾಗದಲ್ಲಿದೆ, ಕುಗ್ಗಿಸಿಕೋ, ಸರಿದು ನಿಲ್ಲು ಎಂದು ಮೈಗೆ ಪಾಠ ಹೇಳುವುದು. ನಮ್ಮ ಹಿರಿಯರು ಆ ಪಾಠವನ್ನು ತಲೆಮಾರುಗಳ ಕಾಲ ಕಲಿತರು. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಕೆರೆಯ ನೀರು ಕುಡಿದದ್ದು ಎಲ್ಲರಿಗೂ ಗೊತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿಯೇ ಹೆಂಗಸರನ್ನು ಉದ್ದೇಶಿಸಿ, ಜಾತಿಯನ್ನು ಸಾರುವ ಹಾಗೆ ಸೀರೆ ಉಡುವುದನ್ನು ಬಿಡಿ, ಎಲ್ಲರ ಹಾಗೆ ಮೈತುಂಬ ಉಡಿ ಎಂದೂ ಹೇಳಿದರು. ನೀರಿನಷ್ಟೇ ಮುಖ್ಯ ಎಂದು ಅವರಿಗೆ ಅದು ಕಂಡಿತು. ತಲೆ ಎತ್ತಿ, ಎದೆ ಬಿಡಿಸಿ, ತನ್ನ ಮೈಯಷ್ಟು ಜಾಗ ತೆಗೆದುಕೊಂಡು ನಿಲ್ಲುವುದನ್ನು ನಾವು ಅವರಿಂದ ಕಲಿತೆವು. ಸೂಲಿಬೆಲೆ ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ನಾನು ಕೂತಾಗ ಪಕ್ಕದವರು ನಿಟ್ಟುಸಿರು ಬಿಡುತ್ತಾರೆ. ಬಿಡಲಿ. ಸೀಟನ್ನು ಅಳೆದು ಮಾಡಿದವನು ನನ್ನನ್ನು ಕೇಳಿ ಮಾಡಲಿಲ್ಲ.

ಹುಡುಗಿಗೆ ನಾನು ಕೊಟ್ಟ ಉತ್ತರ ಇದು: ಬೇಜಾರು ಆಗುತ್ತಿತ್ತು, ಈಗಲೂ ಒಮ್ಮೊಮ್ಮೆ ಆಗುತ್ತದೆ. ಆದರೆ ಬೇಜಾರಾಯಿತು ಎಂದು ಊಟ ಬಿಡುವುದಿಲ್ಲ. ‘ಆಗಲ್ಲ’ ಎಂದಿದ್ದರೆ ಅವಳು ನಂಬುತ್ತಿರಲಿಲ್ಲ.

ಇಲ್ಲಿ ಕೆಲವರು ಎರಡು ಪ್ರಶ್ನೆ ಎತ್ತುತ್ತಾರೆ. ದೇಹವೇ ಅಶುಭ ಎಂದು ಬುದ್ಧರು ಹೇಳಿಲ್ಲವೇ, ಅದನ್ನು ಒಪ್ಪಿಕೊಳ್ಳುವುದು, ಪ್ರೀತಿಸುವುದು ಎಲ್ಲಿಂದ ಬಂತು ಎಂಬುದು ಒಂದು. ಸತಿಪಟ್ಠಾನ ಸುತ್ತದಲ್ಲಿ ಕೂದಲು, ಉಗುರು, ಚರ್ಮ, ಮೂಳೆ, ಕೊಬ್ಬು ಎಂದು ದೇಹದ ಭಾಗಗಳನ್ನು ಧ್ಯಾನಿಸಲು ಹೇಳಿರುವುದು ನಿಜ. ಹೇಗೆ ನೋಡಬೇಕು ಎಂಬುದಕ್ಕೆ ಅಲ್ಲಿಯೇ ಒಂದು ಹೋಲಿಕೆ ಇದೆ. ಎರಡು ಬಾಯಿಯ ಕಾಳಿನ ಚೀಲವನ್ನು ಬಿಚ್ಚಿ, ಇದು ಭತ್ತ, ಇದು ಹೆಸರು, ಇದು ಎಳ್ಳು ಎಂದು ನೋಡುವ ಹಾಗೆ. ಸಂತೆಯಲ್ಲಿ ಕಾಳು ನೋಡುವವರು ಹೆಸರುಕಾಳನ್ನು ನೋಡಿ ಅಸಹ್ಯಪಡುತ್ತಾರೆಯೇ? ಆ ಪಟ್ಟಿಯಲ್ಲಿರುವ ಕೊಬ್ಬು ಸಿನಿಮಾ ನಟಿಯ ಮೈಯಲ್ಲೂ ಇದೆ, ಓಟಗಾರನ ಮೈಯಲ್ಲೂ ಇದೆ. ಆ ಧ್ಯಾನ ಎಲ್ಲ ಮೈಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ದಪ್ಪಗಿರುವವರಿಗೆ ಮಾತ್ರ ಹೇಳಿದ ಬೈಗುಳ ಅದಲ್ಲ.

ಅದಕ್ಕಿಂತ ದೊಡ್ಡ ಸಾಕ್ಷಿ ವೇಸಾಲಿಯದು. ಒಮ್ಮೆ ಬುದ್ಧರು ಅಶುಭ ಧ್ಯಾನವನ್ನು ಹೊಗಳಿ ಹದಿನೈದು ದಿನ ಏಕಾಂತಕ್ಕೆ ಹೋದರು. ಅಷ್ಟರಲ್ಲಿ ಭಿಕ್ಖುಗಳಿಗೆ ತಮ್ಮ ದೇಹದ ಮೇಲೆ ಹೇಸಿಗೆ ಹುಟ್ಟಿತು, ಅನೇಕರು ಪ್ರಾಣವನ್ನೇ ಕಳೆದುಕೊಂಡರು. ಏಕಾಂತದಿಂದ ಬಂದ ಬುದ್ಧರು ಸಂಘ ಯಾಕೆ ಇಷ್ಟು ತೆಳುವಾಗಿದೆ ಎಂದು ಆನಂದರನ್ನು ಕೇಳಿದರು. ವಿಷಯ ತಿಳಿದ ಮೇಲೆ ಉಳಿದವರನ್ನೆಲ್ಲ ಕರೆಸಿ ಆನಾಪಾನಸತಿ, ಉಸಿರಿನ ಧ್ಯಾನ, ಕಲಿಸಿದರು. ಅದು ಶಾಂತವಾದದ್ದು, ಹಿತವಾದದ್ದು ಎಂದರು. ದೇಹದ ಮೇಲಿನ ಹೇಸಿಗೆ ಎಲ್ಲಿಗೆ ಒಯ್ಯಬಲ್ಲದು ಎಂದು ನಮ್ಮ ಗ್ರಂಥಗಳಿಗೆ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಊಟ ಬಿಟ್ಟು ಕನ್ನಡಿ ಮುಂದೆ ನಿಲ್ಲುವ ಮಗಳಿದ್ದರೆ ಈ ಕತೆಯನ್ನು ನೆನಪಿಡಿ.

ನಮ್ಮ ಕಾಲದ್ದೂ ಒಂದಿದೆ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಂತರ ತೀರಿಕೊಂಡರು. ವಯಸ್ಸು 21. ತಂದೆ ತಾಯಿಗೆ ಹೇಳಿರಲಿಲ್ಲ ಎಂದು ಆಗ ಪತ್ರಿಕೆಗಳಲ್ಲಿ ಬಂತು. ಆಕೆಯ ಫೋಟೊ ನೋಡಿದ ನಮಗೆ ‘ಎಲ್ಲಿ ದಪ್ಪ ಇದ್ದಳು ಈ ಮಗು’ ಅನ್ನಿಸಿತು. ಸುದ್ದಿಯ ಕೆಳಗೆ ಆಗಲೂ ಹೀಯಾಳಿಸಿ ಬರೆದವರು ಇದ್ದರು. ಇಂಥ ಸಾವಿನಲ್ಲಿ ಹುಡುಗಿಯ ಹುಚ್ಚು ಎಷ್ಟು, ಅವಳ ಮೈಯನ್ನು ದಿನಾ ತೂಗಿದ ಕಣ್ಣುಗಳ ಪಾಲು ಎಷ್ಟು ಎಂದು ಕೇಳಿಕೊಳ್ಳದೆ ‘ಈಗಿನ ಹುಡುಗೀರು’ ಎಂದು ರಾಗ ಎಳೆಯುವುದು ಸುಲಭ.

ಎರಡನೇ ಪ್ರಶ್ನೆ ಪಸೇನದಿ ರಾಜನದು. ಕೋಸಲದ ರಾಜ ಪಸೇನದಿ ಕೊಳಗದಷ್ಟು ಅನ್ನ ಉಂಡು, ಏದುಸಿರು ಬಿಡುತ್ತಾ ಬುದ್ಧರ ಹತ್ತಿರ ಬಂದು ಕೂರುತ್ತಾನೆ. ಅಳತೆ ಅರಿತು ಉಣ್ಣುವವನಿಗೆ ನೋವು ಕಡಿಮೆ, ಮುಪ್ಪು ನಿಧಾನ, ಆಯುಸ್ಸು ಉಳಿಯುತ್ತದೆ ಎಂಬ ಅರ್ಥದ ಒಂದು ಗಾಥೆಯನ್ನು ಬುದ್ಧರು ಹೇಳುತ್ತಾರೆ. ರಾಜ ಅದನ್ನು ಸುದಸ್ಸನ ಎಂಬ ಹುಡುಗನಿಗೆ ಕಲಿಸಿ, ಊಟದ ಹೊತ್ತಿಗೆ ಹೇಳಲು ನೇಮಿಸಿ, ದಿನಕ್ಕೆ ನೂರು ಕಹಾಪಣ ಕೊಡುತ್ತಾನೆ. ನಿಧಾನವಾಗಿ ಊಟ ಇಳಿಯುತ್ತದೆ, ಮೈಯೂ ಇಳಿಯುತ್ತದೆ. ‘ನೋಡಿ, ಬುದ್ಧರೇ ತೂಕ ಇಳಿಸಲು ಹೇಳಿದ್ದಾರೆ’ ಎಂದು ಇದನ್ನು ಕೋಲಿನ ಹಾಗೆ ಬೀಸುವವರಿದ್ದಾರೆ.

ಸರಿಯಾಗಿ ಓದಿದರೆ ಬುದ್ಧರು ಏನು ಮಾಡಲಿಲ್ಲ ಎನ್ನುವುದೂ ಕಾಣುತ್ತದೆ. ನಗಲಿಲ್ಲ. ಹೆಸರಿಡಲಿಲ್ಲ. ಉಪವಾಸ ಮಾಡು ಎನ್ನಲಿಲ್ಲ. ಉಸಿರಾಡಲು ಕಷ್ಟಪಡುತ್ತಿದ್ದ ಮನುಷ್ಯನಿಗೆ, ಅವನ ಕಷ್ಟ ನೋಡಿ, ಉಣ್ಣುವಾಗ ಎಚ್ಚರ ಇರಲಿ ಎಂದರು. ಮಿಕ್ಕಿದ್ದನ್ನು ಅವನೇ ತೀರ್ಮಾನಿಸಿದ. ಜೊತೆಗೆ, ಅವನು ಕೊಳಗ ಅನ್ನ ಉಣ್ಣುವ ರಾಜ. ಅದೇ ಬುದ್ಧರು ಆಳವಿಯಲ್ಲಿ ಕಳೆದುಹೋದ ಎತ್ತು ಹುಡುಕಿ ಸುಸ್ತಾಗಿ ಬಂದ ಬಡ ರೈತನಿಗೆ ಮೊದಲು ಊಟ ಹಾಕಿಸಿದರು, ಅವನು ಉಂಡು ಕೂರುವವರೆಗೆ ಧಮ್ಮ ಹೇಳಲಿಲ್ಲ. ರಾಜನಿಗೂ ರೈತನಿಗೂ ಒಂದೇ ಡಯಟ್ ಚೀಟಿ ಬರೆದುಕೊಡಲಿಲ್ಲ. ಆರು ವರ್ಷ ದೇಹ ದಂಡಿಸಿ, ಬೆನ್ನುಮೂಳೆ ಹೊಟ್ಟೆಗೆ ಅಂಟುವಷ್ಟು ಸೊರಗಿ, ಅದು ದಾರಿಯಲ್ಲ ಎಂದು ಸುಜಾತೆಯ ಪಾಯಸ ಉಂಡು ಎದ್ದವರಲ್ಲವೇ ಅವರು!

(ಅಂಗಡಿಗಳಲ್ಲಿ ಸಿಗುವ ‘ಲಾಫಿಂಗ್ ಬುದ್ಧ’ ಬಗ್ಗೆ ಒಬ್ಬರು ಅಣ್ಣ ಕೇಳಿದ್ದರು. ಅದು ಗೋತಮ ಬುದ್ಧರಲ್ಲ, ಬುದಾಯ್ ಎಂಬ ಚೀನಾದ ಒಬ್ಬ ಭಿಕ್ಷು. ಅವರ ಹೊಟ್ಟೆ ಸವರಿದರೆ ದುಡ್ಡು ಬರುತ್ತದೆ ಎನ್ನುವುದು ಮೂಢನಂಬಿಕೆ, ಮನೆಯಲ್ಲಿದ್ದರೆ ಸವರಬೇಡಿ. ಅಷ್ಟು ದೊಡ್ಡ ಹೊಟ್ಟೆ ಇಟ್ಟುಕೊಂಡು ಅಷ್ಟು ನೆಮ್ಮದಿಯಾಗಿ ನಗುತ್ತಾರಲ್ಲ, ಆ ನಗು ಮಾತ್ರ ನನಗೆ ಇಷ್ಟ.)

ಈಗ ಆಸ್ಪತ್ರೆಯ ವಿಷಯ. ಮೈಯನ್ನು ಒಪ್ಪಿಕೊಳ್ಳುವುದು ಅಂದರೆ ಶುಗರ್, ಬಿಪಿ ಮರೆಯುವುದಲ್ಲ. ಸಲ್ಲ ಸುತ್ತದಲ್ಲಿ ಎರಡು ಬಾಣಗಳ ಮಾತಿದೆ. ಮೈಗೆ ತಗಲುವ ನೋವು ಮೊದಲನೆಯದು. ಅದನ್ನು ನೆನೆದು ಕೊರಗುವುದು ತನಗೆ ತಾನೇ ಹೊಡೆದುಕೊಳ್ಳುವ ಎರಡನೆಯದು. ಮಂಡಿ ನೋವು, ಏದುಸಿರು ಮೊದಲ ಬಾಣ. ಅದಕ್ಕೆ ಡಾಕ್ಟರಿದ್ದಾರೆ, ಔಷಧಿ ಇದೆ, ನಡಿಗೆ ಇದೆ. ನಾಚಿಕೆ ಎರಡನೇ ಬಾಣ. ಈ ಎರಡನೆಯದು ಮೊದಲನೆಯದರ ಮದ್ದನ್ನೂ ತಡೆಯುತ್ತದೆ. ನಮ್ಮ ಬಳಗದ ಒಬ್ಬರು ಅಕ್ಕ ಎರಡು ವರ್ಷ ಬಿಪಿ ತೋರಿಸಲಿಲ್ಲ, ಯಾಕೆ ಅಂದರೆ ಒಂದು ಕ್ಲಿನಿಕ್ಕಿನಲ್ಲಿ ಅವರ ತೂಕವನ್ನು ಕ್ಯೂನಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದ್ದರು. ತೂಕ ಅವರನ್ನು ಮನೆಯಲ್ಲಿ ಕೂರಿಸಲಿಲ್ಲ, ನಾಚಿಕೆ ಕೂರಿಸಿತು.

ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು. ಲಂಡನ್ನಿನಲ್ಲಿ ಓದುವಾಗ ಅರೆಹೊಟ್ಟೆಯಲ್ಲಿದ್ದು, ರಾತ್ರಿ ಹಪ್ಪಳ ತಿಂದು ಹಸಿವು ತಡೆದುಕೊಳ್ಳುತ್ತಿದ್ದರು ಎಂದು ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿದೆ. ನಮ್ಮ ಮನೆಗಳ ಗೋಡೆಯ ಮೇಲಿರುವುದು ಆ ಹಸಿದ ವಿದ್ಯಾರ್ಥಿಯ ಫೋಟೊ ಅಲ್ಲ, ತುಂಬಿದ ಮುಖದ, ಭಾರವಾದ ಮೈಯ ಬಾಬಾಸಾಹೇಬರು. 1956ರ ಅಕ್ಟೋಬರ್ 14ರಂದು ನಾಗಪುರದ ವೇದಿಕೆ ಹತ್ತುವಾಗ ಅವರ ಕೈಯಲ್ಲಿ ಕೋಲಿತ್ತು, ಕಾಲು ಸಹಕರಿಸುತ್ತಿರಲಿಲ್ಲ. ಅದೇ ಕಾಯಿಲೆಯ ಮೈ ಲಕ್ಷಾಂತರ ಜನರನ್ನು ಧಮ್ಮಕ್ಕೆ ದಾಟಿಸಿತು. ಅವರು ಔಷಧಿ ತೆಗೆದುಕೊಂಡರು, ವೈದ್ಯೆಯಾಗಿದ್ದ ಮಾಯಿಸಾಹೇಬರ ಆರೈಕೆ ಪಡೆದರು, ಬರೆಯುವುದನ್ನು ನಿಲ್ಲಿಸಲಿಲ್ಲ.

ಈ ವಾರದ ಅಭ್ಯಾಸ ಹೀಗಿರಲಿ. ರಾತ್ರಿ ಮಲಗಿದಾಗ ಐದು ನಿಮಿಷ ಉಸಿರು ನೋಡಿ. ಆಮೇಲೆ ಪಾದದಿಂದ ಶುರು ಮಾಡಿ ಒಂದೊಂದೇ ಅಂಗಕ್ಕೆ ಗಮನ ಕೊಡಿ. ಹೊಟ್ಟೆಗೆ ಬಂದಾಗ ಅವಸರ ಮಾಡಿ ದಾಟಿಬಿಡಬೇಡಿ. ಅದು ಉಸಿರಿಗೆ ಏರುತ್ತದೆ, ಇಳಿಯುತ್ತದೆ, ಅಷ್ಟನ್ನೇ ನೋಡಿ. ಮೆತ್ತಾ ಭಾವನೆಯನ್ನು ತನ್ನಿಂದಲೇ ಶುರು ಮಾಡಬೇಕು ಎಂದು ವಿಸುದ್ಧಿಮಗ್ಗ ಹೇಳುತ್ತದೆ. ‘ತನ್ನಿಂದ’ ಅನ್ನುವುದರಲ್ಲಿ ಈ ತೊಡೆ, ಈ ತೋಳು, ಹೆರಿಗೆಯ ಗೆರೆಗಳಿರುವ ಈ ಹೊಟ್ಟೆ ಎಲ್ಲವೂ ಸೇರಿದೆ. ಬೆಳಿಗ್ಗೆ ಕೆರೆ ಕಡೆ ನಡೆಯಲು ಹೋಗುವವರು ಹೋಗಿ, ಗಾಳಿಗೆ ಹೋಗಿ. ಮೈಗೆ ಶಿಕ್ಷೆ ಕೊಡಲು ಹೋಗಬೇಡಿ.

ಇನ್ನೊಂದು, ನಾಲಿಗೆಯದು. ಸಮ್ಮಾವಾಚಾ ಅಂದರೆ ಸುಳ್ಳು ಹೇಳದಿರುವುದಷ್ಟೇ ಅಲ್ಲ, ಚುಚ್ಚದಿರುವುದೂ ಹೌದು. ಮುಂದಿನ ಏಳು ದಿನ ಯಾರನ್ನು ಕಂಡರೂ ‘ದಪ್ಪ ಆಗಿದೀಯ’, ‘ಸಣ್ಣ ಆಗಿದೀಯ’ ಎಂದು ಮಾತು ಶುರು ಮಾಡುವುದು ಬೇಡ. ಎಷ್ಟು ಸಲ ಬಾಯಿಗೆ ಬಂದು ತಡೆದಿರಿ ಎಂದು ಲೆಕ್ಕ ಇಡಿ. ಮದುವೆ ಸೀಸನ್ ಬೇರೆ, ಲೆಕ್ಕ ದೊಡ್ಡದೇ ಆಗುತ್ತದೆ. ಭಾನುವಾರ ಹೇಳಿಕೊಳ್ಳೋಣ.

ಭಾನುವಾರ ವಾಸೆಟ್ಠ ಸುತ್ತವನ್ನೇ ಮತ್ತೆ ಓದುತ್ತೇವೆ. ಬೆಳಿಗ್ಗೆ ಹತ್ತಕ್ಕೆ, ಎಂದಿನ ಜಾಗ. ಆ ಹುಡುಗಿ, ಅವರಜ್ಜಿ ಇಬ್ಬರೂ ಬರುತ್ತೇವೆ ಎಂದಿದ್ದಾರೆ. ಅವಳನ್ನು ಯಾರೂ ವಿಶೇಷವಾಗಿ ನೋಡುವುದು ಬೇಡ, ‘ಊಟ ಮಾಡ್ತಿದೀಯಾ’ ಎಂದೂ ಕೇಳುವುದು ಬೇಡ. ಮಧ್ಯಾಹ್ನ ಎಲ್ಲರಿಗೂ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ ಇದೆ, ಬಡಿಸುವ ಸರದಿ ಗಂಡಸರದು. ನೆಲದ ಮೇಲೆ ಕಾಲು ಮಡಚಿ ಕೂರಲು ಆಗದವರು ಅದಕ್ಕೇ ಬರುವುದನ್ನು ಬಿಟ್ಟಿದ್ದಾರೆ ಎಂದು ತಿಳಿಯಿತು. ಹತ್ತು ಕುರ್ಚಿ ಹೇಳಿದ್ದೇವೆ. ಪ್ಲಾಸ್ಟಿಕ್ ಕುರ್ಚಿಯ ಕೈ ಸೊಂಟಕ್ಕೆ ಒತ್ತುತ್ತದೆ, ಹಾಗಾಗಿ ಶಾಮಿಯಾನದವರಿಗೆ ಕೈ ಇಲ್ಲದ ಕುರ್ಚಿಯೇ ಬೇಕು ಎಂದು ಹೇಳಲಾಗಿದೆ. ಇನ್ನೂ ಬೇಕಾದವರು ಶನಿವಾರ ಸಂಜೆಯೊಳಗೆ ಗ್ರೂಪಿನಲ್ಲಿ ತಿಳಿಸಿ.

ನಮೋ ಬುದ್ಧಾಯ. ಜೈ ಭೀಮ್.